ಬ್ರೇಕ್ ಪರೀಕ್ಷಿಸಲಾಗಿದೆ

ನಲವತ್ತೊಂದು ತುಂಬಿದ ಹೆಂಗಸನ್ನು ‘ಪುಟ್ಟಿ’ ಎಂದು ಕರೆಯುವವರು ಇಬ್ಬರೇ ಇದ್ದರು: ಅವಳ ಅಕ್ಕ, ಅಕ್ಕನ ಗಂಡ. ಆಫೀಸಿನಲ್ಲಿ ಅವಳು ಟೈಪಿಸ್ಟ್ ಮೇಡಂ. ಕಟ್ಟಡಗಳ ಲಿಫ್ಟುಗಳನ್ನು ತಿಂಗಳಿಗೊಮ್ಮೆ ಹೋಗಿ ನೋಡಿಕೊಂಡು ಬರುವ ಕಂಪನಿ ಅದು. ಟೈರ್ ಅಂಗಡಿಯ ಮೇಲೆ ಎರಡು ಕೋಣೆ. ಒಂದರಲ್ಲಿ ಮ್ಯಾನೇಜರ್, ಇನ್ನೊಂದರಲ್ಲಿ ಪುಟ್ಟಿ, ಅವಳ ಕಂಪ್ಯೂಟರ್, ಮತ್ತು ಅರವತ್ತೆರಡು ಕಟ್ಟಡಗಳ ಬೀಗದ ಕೈ ನೇತುಹಾಕಿದ ಮರದ ಹಲಗೆ. ಕಿಟಕಿ ತೆರೆದರೆ ರಬ್ಬರಿನ ವಾಸನೆ, ಮುಚ್ಚಿದರೆ ಗ್ರೀಸಿನ ವಾಸನೆ. ಹದಿನಾಲ್ಕು ವರ್ಷದಲ್ಲಿ ಅವಳಿಗೆ ಎರಡೂ ಒಗ್ಗಿಹೋಗಿದ್ದವು.

ಮೆಕ್ಯಾನಿಕ್‌ಗಳು ಇಬ್ಬರು. ಕುಳ್ಳಗಿದ್ದವನು ಮೇಸ್ತ್ರಿ, ಅವನು ಕಟ್ಟಡದ ನೆತ್ತಿಯ ಮೇಲಿನ ಮೋಟಾರ್ ಕೋಣೆಗೆ ಹತ್ತುತ್ತಿದ್ದ. ಆರಡಿ ಮೂರಂಗುಲ ಇದ್ದವನು ಉದ್ದಣ್ಣ; ಅವನು ಕೆಳಗಿನ ಗುಂಡಿಯೊಳಗೆ ಮೂರು ಮಡಿಕೆಯಾಗಿ ಕೂತು ಎಣ್ಣೆ ಹಾಕುತ್ತಿದ್ದ. ಈ ಹಂಚಿಕೆ ಮಾಡಿದ ಪುಣ್ಯಾತ್ಮ ಯಾರೋ, ಅವನ ಬುದ್ಧಿಗೆ ಏನು ಹೇಳುವುದು! ಇಬ್ಬರೂ ತಂತಮ್ಮ ನೋಟ್‌ಬುಕ್ಕಿನಲ್ಲಿ ನೋಡಿದ್ದಕ್ಕೆಲ್ಲ ಟಿಕ್ ಹಾಕಿ ತಂದು ಪುಟ್ಟಿಯ ಮೇಜಿನ ಮೇಲೆ ಕುಕ್ಕುತ್ತಿದ್ದರು. ಅವಳು ಅದನ್ನು ಇಂಗ್ಲಿಷಿಗೆ ತಿರುಗಿಸಿ ವಿಮಾ ಕಂಪನಿಗೊಂದು ಪ್ರತಿ, ಕಟ್ಟಡದ ಲಿಫ್ಟಿನೊಳಗೆ ಅಂಟಿಸಲು ಒಂದು ಪ್ರತಿ ಕಳಿಸಬೇಕು.

ಅವಳ ಇಂಗ್ಲಿಷ್ ಆಗ ಬಲು ಸರಳ. ಮೇಸ್ತ್ರಿ ಸಾ ದಿ ರೋಪ್. ಉದ್ದಣ್ಣ ಆಯಿಲ್ಡ್ ದಿ ರೈಲ್. ಒಂದೊಂದು ಲಿಫ್ಟಿಗೆ ಇಪ್ಪತ್ತೆರಡು ಸಾಲು, ಸಾಲಿಗೊಂದು ಹೆಸರು. ಟಿಕ್ ಸರಿಯಾಗಿ ಕಾಣದಿದ್ದರೆ ಅವಳು ಕೂತಲ್ಲಿಂದಲೇ ಕೂಗುತ್ತಿದ್ದಳು: “ಹನ್ನೊಂದನೇ ಕಟ್ಟಡದಲ್ಲಿ ಬಾಗಿಲು ನೋಡಿದ್ದು ಯಾರ್ರೀ? ಬ್ರೇಕ್ ಯಾರು ನೋಡಿದ್ರಿ?” ಇಬ್ಬರೂ ತಲೆ ಕೆರೆದುಕೊಂಡು ನೆನಪು ಮಾಡಿಕೊಳ್ಳುತ್ತಿದ್ದರು. ನೆನಪಾಗದಿದ್ದರೆ ಗೊಣಗುತ್ತಾ ಮತ್ತೆ ಹೋಗಿ ನೋಡಿ ಬರುತ್ತಿದ್ದರು. ತಿಂಗಳ ಕೊನೆಯ ನಾಲ್ಕು ದಿನ ಆ ಕೋಣೆಯಲ್ಲಿ ಯಾರ ಮುಖದಲ್ಲೂ ನಗು ಇರುತ್ತಿರಲಿಲ್ಲ.

ಹೀಗಿರುವಾಗ ವಿಮಾ ಕಂಪನಿಯವರು ಒಂದು ಕಂತೆ ರಿಪೋರ್ಟನ್ನು ಹಾಗೇ ವಾಪಸ್ ಕಳಿಸಿದರು. ಇದು ಶಾಲೆಮಕ್ಕಳ ದಿನಚರಿ ಇದ್ದ ಹಾಗಿದೆ, ವೃತ್ತಿಗೆ ತಕ್ಕ ಭಾಷೆಯಲ್ಲಿ ಬರೆದು ಕಳಿಸಿ ಎಂದು ಮೇಲೊಂದು ಚೀಟಿ. ಮ್ಯಾನೇಜರ್ ಕಂತೆಯನ್ನು ಅವಳ ಮುಂದೆ ಇಟ್ಟ.

“ಮೇಡಂ, ಅವನು ನೋಡಿದ, ಇವನು ಒರೆಸಿದ ಅಂತೆಲ್ಲ ಅವರಿಗ್ಯಾಕೆ? ಕೆಲಸ ಆಗಿದೆ ಅಂತ ಬರಬೇಕು. ಯಾರು ಮಾಡಿದ್ರು ಅನ್ನೋದು ಬರಬಾರದು. ದೊಡ್ಡ ಕಂಪನಿಗಳೆಲ್ಲ ಹಾಗೇ ಬರೆಯೋದು.”

ಹಾಗೆ ಬರೆಯುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಭಾವ.

ಭಾವ ಮೂವತ್ತೊಂದು ವರ್ಷ ಇಂಗ್ಲಿಷ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಎರಡೂ ಮಂಡಿಗೆ ಆಪರೇಷನ್ ಆಗಿತ್ತು. ಏಳನೇ ಮಹಡಿಯ ಮನೆ; ಆ ಕಟ್ಟಡದ ಲಿಫ್ಟನ್ನು ನೋಡಿಕೊಳ್ಳುವುದೂ ಪುಟ್ಟಿಯ ಕಂಪನಿಯೇ. ಸಂಜೆ ಐದಕ್ಕೆ ಲಿಫ್ಟಿನಲ್ಲಿ ಇಳಿದು ಪಾರ್ಕಿನಲ್ಲಿ ಎರಡು ಸುತ್ತು ಹಾಕಿ ಬರುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಪಾಠ ಮಾಡಲು ಒಂದು ಜೀವ ಸಿಕ್ಕಿತೆಂದು ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಡುಗೆಮನೆ ಬಾಗಿಲಿನ ಹಿಂದಿನಿಂದ ಕರಿಹಲಗೆ ಹೊರಬಂತು.

“ಪುಟ್ಟಿ, ಬೆಕ್ಕು ಹಾಲು ಕುಡೀತು. ಇಂಗ್ಲಿಷಲ್ಲಿ ಹೇಳು.”

“ದಿ ಕ್ಯಾಟ್ ಡ್ರ್ಯಾಂಕ್ ದಿ ಮಿಲ್ಕ್.”

“ಭೇಷ್. ಈಗ ಹಾಲನ್ನ ಎತ್ತಿ ಮುಂದೆ ಕೂರಿಸು. ಬೆಕ್ಕನ್ನ ಹಿಂದಕ್ಕೆ ತಳ್ಳು. ನಡುವೆ ‘ವಾಸ್’ ಹಾಕು, ಕ್ರಿಯಾಪದದ ಮೂರನೇ ರೂಪ ತಗೋ, ಬೆಕ್ಕಿನ ಮುಂದೆ ‘ಬೈ’ ಇಡು.”

“ದಿ ಮಿಲ್ಕ್ ವಾಸ್ ಡ್ರಂಕ್ ಬೈ ದಿ ಕ್ಯಾಟ್.”

“ಇದೇ ಪ್ಯಾಸಿವ್ ವಾಯ್ಸು. ಇನ್ನು ಮಜಾ ನೋಡು.” ಭಾವ ಹೆಬ್ಬೆರಳಿನಿಂದ ಬೆಕ್ಕನ್ನೂ ಅದರ ಹಿಂದಿನ ‘ಬೈ’ಯನ್ನೂ ಅಳಿಸಿದರು. “ಬೆಕ್ಕಿಲ್ಲ. ವಾಕ್ಯ ನಿಂತಿದೆಯೋ ಇಲ್ವೋ?”

“ನಿಂತಿದೆ ಭಾವ!”

“ಯಾರು ಮಾಡಿದ್ರು ಅಂತ ಗೊತ್ತಿಲ್ಲದಿದ್ರೆ ಹೀಗೆ ಬಿಡಬಹುದು. ಎಲ್ಲರಿಗೂ ಗೊತ್ತಿರೋದೇ ಆದ್ರೂ ಬಿಡಬಹುದು.”

ಒಳಗಿನಿಂದ ಅಕ್ಕ ಕೂಗಿದಳು: “ಹಾಲು ಹೋದದ್ದು ಹೋಯ್ತು, ಬೆಕ್ಕನ್ನ ಆರಾಮಾಗಿ ಕಳಿಸಿಕೊಟ್ರಲ್ಲ! ಚೆನ್ನಾಗಿದೆ ನಿಮ್ಮ ಪಾಠ.”

“ನಿಂಗೆ ವ್ಯಾಕರಣ ತಲೆಗೆ ಹತ್ತಲ್ಲ ಕಣೇ, ನೀನು ಕಾಫಿ ತಾ,” ಎಂದರು ಭಾವ. ಮೂವರೂ ನಕ್ಕರು.

ಮಾರನೇ ತಿಂಗಳು ಪುಟ್ಟಿಯ ರಿಪೋರ್ಟುಗಳ ಗತ್ತೇ ಬೇರೆ. ದಿ ರೋಪ್ ವಾಸ್ ಇನ್‌ಸ್ಪೆಕ್ಟೆಡ್. ದಿ ಡೋರ್ಸ್ ವರ್ ಕ್ಲೀನ್ಡ್. ದಿ ಬ್ರೇಕ್ ವಾಸ್ ಟೆಸ್ಟೆಡ್ ಅಂಡ್ ಫೌಂಡ್ ಸ್ಯಾಟಿಸ್‌ಫ್ಯಾಕ್ಟರಿ. ವಿಮಾ ಕಂಪನಿಯವರು ತುಟಿಪಿಟಿಕ್ಕೆನ್ನದೆ ತೆಗೆದುಕೊಂಡರು. ಮ್ಯಾನೇಜರ್ ಖುಷಿಯಾಗಿ ಅವಳಿಗೆ ಕೈ ಇರುವ ಕುರ್ಚಿ ತರಿಸಿಕೊಟ್ಟ. ಭಾವ ಮೊದಲ ಪ್ರತಿಯನ್ನು ಕೆಂಪು ಪೆನ್ನು ಹಿಡಿದು ಓದಿ, ಒಂದೂ ತಪ್ಪು ಸಿಗದೆ, ಬೆನ್ನು ತಟ್ಟಿದರು.

ಮುಂದಿನದನ್ನು ಸ್ವಲ್ಪ ಗಮನವಿಟ್ಟು ಕೇಳಬೇಕು, ಯಾಕೆಂದರೆ ಅಲ್ಲಿ ಯಾರೂ ಗಮನವಿಡಲಿಲ್ಲ. ಹೆಸರು ಹೋದ ಮೇಲೆ ರಿಪೋರ್ಟಿನಲ್ಲಿ ಬದಲಾಯಿಸಲು ಉಳಿದದ್ದು ತಾರೀಖು ಒಂದೇ. ಕಳೆದ ತಿಂಗಳ ಹಾಳೆ ತೆರೆ, ತಾರೀಖು ತಿದ್ದು, ಪ್ರಿಂಟ್ ಒತ್ತು. ನಾಲ್ಕು ದಿನದ ಕೆಲಸ ಅರ್ಧ ಮಧ್ಯಾಹ್ನಕ್ಕೆ ಮುಗಿಯತೊಡಗಿತು. ಯಾರು ನೋಡಿದ್ದು ಎಂದು ಕೂಗಿ ಕೇಳುವ ಅಗತ್ಯವೇ ಬೀಳಲಿಲ್ಲ. ನೋಟ್‌ಬುಕ್ಕುಗಳು ಬರುತ್ತಿದ್ದವು, ಅವಳು ಅವನ್ನು ತೆರೆಯದೆ ಬೀರುವಿಗೆ ಹಾಕುತ್ತಿದ್ದಳು. ಹೆಸರು ಬೇಡವೆಂದ ಮೇಲೆ ಇಬ್ಬರು ಯಾಕೆ ಹೋಗಬೇಕು ಎಂದು ಮ್ಯಾನೇಜರ್ ಲೆಕ್ಕ ಹಾಕಿದ. ಒಂದು ತಿಂಗಳು ಮೇಸ್ತ್ರಿ ಒಬ್ಬನೇ, ಮರುತಿಂಗಳು ಉದ್ದಣ್ಣ ಒಬ್ಬನೇ ಎಂದು ಗೆರೆ ಎಳೆದ. ಎಲ್ಲರಿಗೂ ಬಿಡುವು ಸಿಕ್ಕಿತು. ಹೀಗೆ ಒಂದು ವರ್ಷ ಎಂಟು ತಿಂಗಳು ಕಳೆಯಿತು.

ಒಂದು ಭಾನುವಾರ ಪುಟ್ಟಿ ಅಕ್ಕನ ಮನೆಗೆ ಹೋದಳು. ಲಿಫ್ಟು ಏಳನೇ ಮಹಡಿಯಲ್ಲಿ ನಿಂತು ಬಾಗಿಲು ತೆರೆದಾಗ ಹೊರಗೆ ಕಾಲಿಟ್ಟವಳು ಮುಗ್ಗರಿಸಿದಳು. ಲಿಫ್ಟಿನ ನೆಲ ಹೊರಗಿನ ನೆಲಕ್ಕಿಂತ ಒಂದು ಗೇಣು ಮೇಲಿತ್ತು. ಅವಳು ಇಳಿದು ತಿರುಗಿ ನೋಡುವಷ್ಟರಲ್ಲಿ ಅದು ಇನ್ನೂ ಒಂದು ಬೆರಳಿನಷ್ಟು ಮೇಲಕ್ಕೆ ಸರಿಯಿತು. ಖಾಲಿ ಲಿಫ್ಟು, ಯಾರೂ ಏನನ್ನೂ ಒತ್ತಿರಲಿಲ್ಲ.

“ಎರಡು ತಿಂಗಳಿಂದ ಹಾಗೇ,” ಎಂದಳು ಅಕ್ಕ. “ಮೂರನೇ ಮಹಡಿ ಟೈಲರಮ್ಮ ದಿನಾ ಜಗಳಕ್ಕೆ ಬರ್ತಾಳೆ, ಲಿಫ್ಟು ನಿಲ್ಲಿಸಿ ಅಂತ. ನಿಮ್ಮ ಭಾವನೇ ಅವಳ ಬಾಯಿ ಮುಚ್ಚಿಸಿರೋದು.”

“ಮತ್ತೇನು ಮಾಡಲಿ?” ಎಂದರು ಭಾವ. “ಒಳಗೆ ಅಂಟಿಸಿದ ಕಾಗದ ಓದಿ ಹೇಳಿದೆ. ಬ್ರೇಕ್ ವಾಸ್ ಟೆಸ್ಟೆಡ್! ಕಣ್ಣಿಗೆ ಕಾಣಲ್ವೇನಮ್ಮ, ಇದನ್ನ ಬರೆದದ್ದು ನಮ್ಮ ಪುಟ್ಟಿ, ಅವಳು ಸುಮ್ಮನೆ ಬರೆಯೋಳಲ್ಲ ಅಂದೆ. ಆಮೇಲೆ ಉಸಿರೆತ್ತಲಿಲ್ಲ ನೋಡು.”

ಪುಟ್ಟಿ ಕಾಫಿ ಲೋಟ ಕೆಳಗಿಟ್ಟಳು. ಅವತ್ತು ಅವಳು ಮೆಟ್ಟಿಲು ಇಳಿದು ಹೋದಳು. ತೂಕ ಇಳಿಸಬೇಕು ಎಂದು ಅಕ್ಕನಿಗೆ ಸಬೂಬು ಹೇಳಿದಳು.

ಸೋಮವಾರ ಮೆಕ್ಯಾನಿಕ್‌ಗಳು ಊರೆಲ್ಲ ಸುತ್ತಿ ಬಂದಾಗ ನಾಲ್ಕು ಗಂಟೆ ದಾಟಿತ್ತು. ಮೇಸ್ತ್ರಿ ಕೈ ತೊಳೆಯುತ್ತಿದ್ದ.

“ಮೇಸ್ತ್ರಿ, ನಮ್ಮಕ್ಕನ ಕಟ್ಟಡದ ಬ್ರೇಕ್ ನೀವೇ ಅಲ್ವಾ ನೋಡೋದು?”

“ನಾನೆಲ್ಲಿ ನೋಡ್ಲಿ ಮೇಡಂ? ಅದಕ್ಕೆ ಇಬ್ಬರು ಬೇಕು. ಒಬ್ಬ ಮೇಲೆ ಮೋಟಾರ್ ಹತ್ರ, ಒಬ್ಬ ಲಿಫ್ಟೊಳಗೆ. ಒಬ್ಬನೇ ಹೋದಾಗ ಬಿಟ್ಟು ಬರ್ತೀನಿ. ಉದ್ದಣ್ಣ ಯಾರನ್ನೋ ಜೊತೆಗೆ ಕರ್ಕೊಂಡು ಹೋಗಿ ಮಾಡ್ತಾನಲ್ಲ.”

ಉದ್ದಣ್ಣ ಬಾಗಿಲಲ್ಲಿ ನಿಂತವನು ಹೌಹಾರಿದ. “ನಾನಾ? ನೀವು ಮಾಡ್ತೀರಿ ಅಂದ್ಕೊಂಡಿದ್ದೆ! ಪ್ರತಿ ಸಲ ಹೋದಾಗ್ಲೂ ಲಿಫ್ಟೊಳಗಿನ ಕಾಗದದಲ್ಲಿ ಟೆಸ್ಟೆಡ್ ಅಂತ ಇರ್ತಿತ್ತು.”

“ನಾನೂ ಅದೇ ಕಾಗದ ನೋಡಿ ನೀನು ಮಾಡಿದೀಯ ಅಂದ್ಕೊಂಡೆನಲ್ಲೋ!”

ಇಬ್ಬರೂ ಪುಟ್ಟಿಯ ಮುಖ ನೋಡಿದರು. ಅವಳು ಬೀರು ತೆರೆದು ನೋಟ್‌ಬುಕ್ಕುಗಳನ್ನು ನೆಲಕ್ಕೆ ಸುರಿದಳು. ಮೇಸ್ತ್ರಿಯದರಲ್ಲಿ ಬ್ರೇಕಿನ ಸಾಲು ಖಾಲಿ. ಉದ್ದಣ್ಣನದರಲ್ಲೂ ಖಾಲಿ. ಇಪ್ಪತ್ತು ತಿಂಗಳು, ಒಂದೇ ಒಂದು ಟಿಕ್ ಇಲ್ಲ. ಪಾಪ, ಅವರು ಸುಳ್ಳು ಟಿಕ್ ಹಾಕಿರಲಿಲ್ಲ. ಖಾಲಿ ಬಿಟ್ಟರೆ ಮೇಡಂ ಕೇಳುತ್ತಾರೆ ಎಂದು ಹಳೇ ಧೈರ್ಯದಲ್ಲೇ ಇದ್ದರು.

ಅವಳ ಹಿಂದೆ ಮ್ಯಾನೇಜರ್ ಬಂದು ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ.

“ಗಾಬರಿ ಬೇಡ,” ಎಂದ. “ಹೋಗಿ ಮೋಟಾರ್ ಕೋಣೆಯ ಮೇನ್ ಸ್ವಿಚ್ ಆಫ್ ಮಾಡಿ ಬನ್ನಿ, ನಾಳೆ ನೋಡೋಣ. ಮೇಡಂ, ಫೋನ್ ಮಾಡೋದಾದ್ರೆ ಮಾಡಿ, ಆದ್ರೆ ಹೆದರಿಸಬೇಡಿ. ಒಮ್ಮೆ ನೋಡಬೇಕಾಗಿದೆ ಅಂತ ಹೇಳಿ, ಸಾಕು. ಯಾರು ಮಾಡ್ಲಿಲ್ಲ, ಯಾಕೆ ಮಾಡ್ಲಿಲ್ಲ ಅಂತೆಲ್ಲ ಈಗ ಬೇಡ.”

ಗಡಿಯಾರದಲ್ಲಿ ಐದಕ್ಕೆ ಹದಿನೆಂಟು ನಿಮಿಷ. ಪುಟ್ಟಿ ಫೋನ್ ಒತ್ತಿದಳು. ಭಾವನಿಗೆ ಕಿವಿ ಸ್ವಲ್ಪ ಮಂದ, ಯಾವಾಗಲೂ ಸ್ಪೀಕರಿನಲ್ಲೇ ಮಾತು. ಹಿಂದೆ ಅಕ್ಕ ಪಾತ್ರೆ ಜೋಡಿಸುವ ಸದ್ದು ಕೇಳುತ್ತಿತ್ತು.

“ಭಾವ, ನಿಮ್ಮ ಲಿಫ್ಟಿಂದು... ಬ್ರೇಕ್ ಒಂದ್ಸಲ ನೋಡಬೇಕಾಗಿದೆ.”

“ನೋಡಿಯಾಗಿದೆಯಲ್ಲ? ನೀನೇ ಬರೆದಿದ್ದೀಯ.”

“ಹೌದು... ಆದ್ರೂ ಇನ್ನೊಂದ್ಸಲ ನೋಡಿದ್ರೆ ಒಳ್ಳೇದು ಅಂತ ಇಲ್ಲಿ ಮಾತು ಬಂತು.”

“ಓಹೋ, ಟೈಲರಮ್ಮ ನಿಮ್ಮ ಆಫೀಸಿಗೂ ಫೋನ್ ಹಚ್ಚಿದ್ಲಾ? ಬಿಡೇ, ಅವಳ ಮಾತು ಕೇಳಿಕೊಂಡು ನೀನು ಯಾಕೆ ತಲೆ ಕೆಡಿಸ್ಕೋತೀಯ?”

ಈಗ ಹೇಳಬೇಕಿತ್ತು. ಒಂದೇ ಒಂದು ವಾಕ್ಯ. ಯಾರೂ ನೋಡಿಲ್ಲ ಭಾವ, ನಾನು ನೋಡದೆ ಕೇಳದೆ ಬರೆದೆ. ಆದರೆ ಪಕ್ಕದಲ್ಲಿ ಮ್ಯಾನೇಜರ್ ನಿಂತಿದ್ದ. ಅವನದಾದರೂ ಹೋಗಲಿ, ಅವನಿಗೆ ಅವಳು ಅಷ್ಟೇನೂ ಹೆದರುತ್ತಿರಲಿಲ್ಲ. ಅವಳಿಗೆ ನಾಚಿಕೆಯಾದದ್ದು ಭಾವನ ಮುಂದೆ. ನಮ್ಮ ಪುಟ್ಟಿ ಸುಮ್ಮನೆ ಬರೆಯೋಳಲ್ಲ ಎಂದು ಎದೆಯುಬ್ಬಿಸಿದವರಿಗೆ, ನಾನು ಬರೆದದ್ದೆಲ್ಲ ಸುಮ್ಮನೆಯೇ ಎಂದು ಹೇಗೆ ಹೇಳುವುದು?

“ಇವತ್ತೊಂದು ದಿನ ಮೆಟ್ಟಿಲಲ್ಲಿ ಇಳಿಯೋಕಾಗುತ್ತಾ ಭಾವ?”

“ಏಳು ಮಹಡಿ? ಈ ಮಂಡಿ ಇಟ್ಕೊಂಡು? ತಮಾಷೆ ಮಾಡ್ತೀಯಾ?” ಭಾವ ಜೋರಾಗಿ ನಕ್ಕರು. “ನೀವು ಬರ್ತಿದ್ದೀರಾ? ಬನ್ನಿ ಬನ್ನಿ, ನಾನೇ ಕೆಳಗೆ ಬಂದು ಕಾಯ್ತೀನಿ. ಹಾಗೇ ಪಾರ್ಕಿಗೂ ಹೋಗೋಣ.”

ಫೋನ್ ಕಟ್ಟಾಯಿತು. “ಸರಿಯಾಗಿ ಹೇಳಿದ್ರಿ ಮೇಡಂ,” ಎಂದ ಮ್ಯಾನೇಜರ್.

ಉದ್ದಣ್ಣ ಹಲಗೆಯಿಂದ ಮೋಟಾರ್ ಕೋಣೆಯ ಬೀಗದ ಕೈ ಕಿತ್ತುಕೊಂಡು ಆಗಲೇ ಸ್ಕೂಟರ್ ಶುರು ಮಾಡಿದ್ದ. ಪುಟ್ಟಿ ಹಿಂದೆ ಕೂತಳು. ಅಲ್ಲಿಗೆ ಹತ್ತು ನಿಮಿಷದ ದಾರಿ. ಭಾವ ಬಗ್ಗಿ ಶೂ ಹಾಕಿಕೊಳ್ಳಲು ಹತ್ತು ನಿಮಿಷ ತೆಗೆದುಕೊಳ್ಳುತ್ತಾರೆ, ಆಮೇಲೆ ಕನ್ನಡಕ ಹುಡುಕುತ್ತಾರೆ, ಅದು ಹಣೆಯ ಮೇಲೇ ಇರುತ್ತದೆ ಎಂದು ಅವಳು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು.

“ಉದ್ದಣ್ಣ, ಬ್ರೇಕ್ ಹಿಡೀಲಿಲ್ಲ ಅಂದ್ರೆ ಲಿಫ್ಟು ಬಿದ್ದುಹೋಗುತ್ತಾ?”

“ಬೀಳಲ್ಲ ಮೇಡಂ.” ಗಾಳಿಗೆ ಅವನ ಮಾತು ಅರ್ಧ ಹಾರಿಹೋಗುತ್ತಿತ್ತು. “ಬಿದ್ರೆ ಹಿಡಿಯೋಕೆ ಬೇರೆ ಏರ್ಪಾಡಿದೆ. ಹಗ್ಗದ ಆ ತುದೀಲಿ ಎದುರು ಭಾರ ಕಟ್ಟಿರ್ತಾರೆ. ಒಳಗೆ ಒಬ್ಬರೇ ಇದ್ರೆ ಆ ಭಾರವೇ ಜಾಸ್ತಿ. ಲಿಫ್ಟು ಮೇಲಕ್ಕೆ ಓಡುತ್ತೆ. ಮೇಲಕ್ಕೆ ಓಡಿದ್ರೆ ಹಿಡಿಯೋಕೆ ಅಷ್ಟು ಹಳೇ ಲಿಫ್ಟಲ್ಲಿ ಏನೂ ಇಲ್ಲ.”

ಅವಳು ಫೋನ್ ಕೈಗೆ ತೆಗೆದುಕೊಂಡಳು. ಅಕ್ಕನ ನಂಬರಿನ ಮೇಲೆ ಬೆರಳಿಟ್ಟಳು. ಹೇಗೂ ಹೋಗುತ್ತಿದ್ದೇವಲ್ಲ, ಕೈ ಹಿಡಿದು ಮೆಟ್ಟಿಲಲ್ಲಿ ಇಳಿಸಿದರಾಯಿತು, ಎಲ್ಲ ಮುಗಿದ ಮೇಲೆ ನಿಧಾನವಾಗಿ ಹೇಳಿದರಾಯಿತು ಎನ್ನಿಸಿತು. ಫೋನನ್ನು ವಾಪಸ್ ಚೀಲಕ್ಕೆ ಹಾಕಿದಳು.

ಕಟ್ಟಡ ತಲುಪಿದಾಗ ಲಿಫ್ಟಿನ ಬಾಗಿಲ ಮೇಲಿನ ಕೆಂಪು ಅಂಕಿ ಏಳು ತೋರಿಸುತ್ತಿತ್ತು. ಉದ್ದಣ್ಣ ಎರಡೆರಡು ಮೆಟ್ಟಿಲು ಹಾರಿಕೊಂಡು ಮೇಲಕ್ಕೆ ಓಡಿದ. ಮೇಲೆಲ್ಲೋ ಬಾಗಿಲು ಜಾರಿ ಮುಚ್ಚಿಕೊಂಡ ಸದ್ದು. ಪುಟ್ಟಿ ಮೆಟ್ಟಿಲ ಸಂದಿಯಲ್ಲಿ ಕತ್ತೆತ್ತಿ ಕಿರುಚಿದಳು: “ಭಾವಾ, ಹತ್ತಬೇಡಿ! ಅದನ್ನ ಯಾರೂ ನೋಡಿಲ್ಲ! ನಾನು ಸುಮ್ಮನೆ ಬರೆದೆ, ಭಾವಾ!” ಮೊದಲ ಮಹಡಿಯಲ್ಲಿ ಯಾರೋ ಬಾಗಿಲು ತೆರೆದು ಇಣುಕಿದರು. ಮೋಟಾರ್ ಗುಂಯ್ ಎನ್ನುತ್ತಿತ್ತು.

ಆರು. ಐದು. ನಾಲ್ಕು. ಅಂಕಿ ನಿಧಾನವಾಗಿ ಇಳಿಯುತ್ತಿತ್ತು, ಎಂದಿನ ಹಾಗೆಯೇ. ಅವಳು ಬಾಗಿಲಿಗೆ ಎರಡೂ ಅಂಗೈ ಒತ್ತಿ ನಿಂತಳು. ಬಂದುಬಿಡಲಿ, ಇನ್ನು ಮೂರೇ ಮಹಡಿ, ಬಂದುಬಿಡಲಿ. ಮೂರರಲ್ಲಿ ನಿಂತಿತು. ಟೈಲರಮ್ಮ ಗುಂಡಿ ಒತ್ತಿದ್ದಳು. ಬಾಗಿಲು ತೆರೆಯುತ್ತಿದ್ದಂತೆ ಮೇಷ್ಟ್ರು “ಬನ್ನಿ ಬನ್ನಿ, ಹೆದರಬೇಡಿ” ಎಂದರಂತೆ. ಅವಳು ಕಾಲೆತ್ತುವಷ್ಟರಲ್ಲಿ ಲಿಫ್ಟಿನ ನೆಲ ಅವಳ ಮೊಣಕಾಲಿನ ಮಟ್ಟಕ್ಕೆ ಬಂದಿತ್ತಂತೆ. ಕೆಳಗೆ ನಿಂತ ಪುಟ್ಟಿಗೆ ಕಂಡದ್ದು ಅಂಕಿ ಮಾತ್ರ. ನಾಲ್ಕು, ಐದು, ಆರು, ಏಳು, ಎಂಟು ಎಂದು ಓದಲೂ ಸಮಯ ಕೊಡದೆ ಅದು ಹತ್ತಿತು. ಆ ಕಟ್ಟಡಕ್ಕೆ ಇದ್ದದ್ದೇ ಎಂಟು ಮಹಡಿ. ಮೇಲಿನಿಂದ ಬಂದ ಸದ್ದಿಗೆ ಗೋಡೆಯ ಸುಣ್ಣ ಉದುರಿ ಅವಳ ಕೈಮೇಲೆ ಬಿತ್ತು.

ಭಾವ ಉಳಿಯಲಿಲ್ಲ.

ನಾಲ್ಕನೇ ದಿನ ಸರ್ಕಾರದ ಇನ್‌ಸ್ಪೆಕ್ಟರ್ ಬಂದ. ಅಕ್ಕನ ಮನೆಯಲ್ಲೇ ಎಲ್ಲರನ್ನೂ ಕೂರಿಸಿ ಕೇಳಿದ. ಅಕ್ಕ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಮೂರು ದಿನದಿಂದ ಪುಟ್ಟಿಯೇ ಅವಳಿಗೆ ಒಂದೊಂದು ಗುಟುಕು ಕುಡಿಸಿ, ತಲೆ ಬಾಚಿ, ಪಕ್ಕದಲ್ಲಿ ಮಲಗಿದ್ದಳು. ಮ್ಯಾನೇಜರ್ ಇಪ್ಪತ್ತು ತಿಂಗಳ ರಿಪೋರ್ಟುಗಳನ್ನು ಚೆಂದದ ಫೈಲು ಮಾಡಿ ತಂದಿದ್ದ.

“ಎಲ್ಲವನ್ನೂ ನಿಯಮದ ಪ್ರಕಾರ ಮಾಡಲಾಗಿದೆ ಸರ್. ಪ್ರತಿ ತಿಂಗಳೂ ಪರೀಕ್ಷಿಸಲಾಗಿದೆ. ದಾಖಲೆ ಇಡಲಾಗಿದೆ.”

“ಅದು ಗೊತ್ತಾಯ್ತು ರೀ,” ಎಂದ ಇನ್‌ಸ್ಪೆಕ್ಟರ್, ಹಾಳೆ ಮಗುಚುತ್ತಾ. “ಪರೀಕ್ಷೆ ಮಾಡಿದ್ದು ಯಾರು? ಮನುಷ್ಯರ ಹೆಸರು ಹೇಳಿ.”

ಮೇಸ್ತ್ರಿ ನೆಲ ನೋಡಿದ. ಉದ್ದಣ್ಣ ಅಷ್ಟೆತ್ತರದ ಮೈಯನ್ನು ಎಲ್ಲಿ ಬಚ್ಚಿಡುವುದೆಂದು ತಿಳಿಯದೆ ಗೋಡೆಗೆ ಅಂಟಿಕೊಂಡ. ಪುಟ್ಟಿ ಎದ್ದು ನಿಂತಳು. ಮೂರು ರಾತ್ರಿ ಅವಳು ಈ ಮಾತನ್ನೇ ಹೇಳಿ ಹೇಳಿ ನೋಡಿಕೊಂಡಿದ್ದಳು.

“ಯಾರೂ ಮಾಡಿಲ್ಲ ಸರ್. ಇಪ್ಪತ್ತು ತಿಂಗಳಿಂದ ಆ ಬ್ರೇಕನ್ನ ಯಾರೂ ಮುಟ್ಟಿಲ್ಲ. ನಾನು ನೋಟ್‌ಬುಕ್ ತೆರೆದು ನೋಡಲಿಲ್ಲ, ಯಾರನ್ನೂ ಕೇಳಲಿಲ್ಲ. ಹಳೇ ಹಾಳೆಗೆ ಹೊಸ ತಾರೀಖು ಹಾಕಿ, ಟೆಸ್ಟ್ ಆಗಿದೆ ಅಂತ ನಾನೇ ಬರೆದೆ.”

ಕೆಲಸ ಹೋದರೆ ಹೋಗಲಿ, ಜೈಲಾದರೆ ಆಗಲಿ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು ಅವಳಿಗೆ. ಎಷ್ಟು ಚಿಕ್ಕ ಮಾತು, ಹೇಳಲು ಎಷ್ಟು ಸುಲಭ! ಮ್ಯಾನೇಜರನ ಮುಖ ಬೆಳ್ಳಗಾಯಿತು. ಇನ್‌ಸ್ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆದ.

ಅಕ್ಕ ಆಗ ತಿರುಗಿದಳು. ಅಳಲಿಲ್ಲ, ಕೂಗಲಿಲ್ಲ. ಗುರುತು ಸಿಗದವರನ್ನು ನೋಡುವ ಹಾಗೆ ತಂಗಿಯನ್ನು ನೋಡಿದಳು.

“ಅವತ್ತು ನೀನು ಫೋನ್ ಮಾಡಿದಾಗ ನಾನೂ ಅಲ್ಲೇ ಇದ್ದೆ ಕಣೇ,” ಎಂದಳು. “ಆಗಲೂ ನಿಂಗೆ ಇದೆಲ್ಲ ಗೊತ್ತಿತ್ತಲ್ವಾ?”

ಪುಟ್ಟಿ ಹೌದೆಂದು ತಲೆಯಾಡಿಸಿದಳು.

“ಈಗ ಇವರ ಮುಂದೆ ಹೇಳಿದ್ಯಲ್ಲ, ಇಷ್ಟೇ ಮಾತು. ಅವತ್ತು ಇಷ್ಟು ಹೇಳಿದ್ರೆ ಅವರು ಶೂ ಬಿಚ್ಚಿ ಮನೇಲೇ ಕೂತ್ಕೋತಿದ್ರು.”